ಆಷಾಢದಿಂದ ಚಾಟ್ನಿವರೆಗೆ

2017 ಜೂನ್ 25, ರವಿವಾರ. ವಿಜಯಪುರ

ನಿನ್ನೆ ಅಮಾವಾಸ್ಯೆ. ಇಂಗ್ಲೆಂಡಿನಲ್ಲಿ ಹೆಣ್ಣುಮಕ್ಕಳ ವಿಶ್ವಕಪ್ ಶುರುವಾಯಿತು. ಡರ್ಬಿಯಲ್ಲಿ ನಮ್ಮವರು ಇಂಗ್ಲೆಂಡನ್ನೇ 35 ರನ್ನಿನಿಂದ ಸೋಲಿಸಿದರು. ಸ್ಮೃತಿ ಮಂಧಾನ 90. ಹನ್ನೊಂದು ಹೆಸರಿನಲ್ಲಿ ನಮ್ಮ ವಿಜಯಪುರದ ರಾಜೇಶ್ವರಿ ಗಾಯಕವಾಡ ಇಲ್ಲ. ಪೇಪರಿನಲ್ಲಿ ಇನ್ನೊಮ್ಮೆ ಹುಡುಕಿದೆ. ಇಲ್ಲ.

ಸಂಜೆ ತಿಕೋಟಾದಿಂದ ಅಣ್ಣನ ಮಗಳ ಫೋನು. 'ಅತ್ತಿ, ನಮ್ಮೂರಾಕಿನ್ನ ಯಾಕ ಆಡಸಲಿಲ್ಲ?' ಏನು ಹೇಳಲಿ. ಮುಂದಿನ ಮ್ಯಾಚಿಗೆ ಆಡಸ್ತಾರ ತಗೋ ಎಂದೆ. ತಿಳಿದು ಹೇಳಿದ ಮಾತಲ್ಲ ಅದು.

ಜುಲೈ 2, ರವಿವಾರ. ತಿಕೋಟಾ

ಮೋಡ ಕಟ್ಟುತ್ತವೆ, ಗಾಳಿ ಒಯ್ಯುತ್ತದೆ. ಅಣ್ಣನ ದ್ರಾಕ್ಷಿ ಪಡದಲ್ಲಿ ಬಳ್ಳಿ ಹಸಿರಾಗಿದೆ, ಬೋರು ಮಾತ್ರ ತಾಸಿಗೊಮ್ಮೆ ನಿಲ್ಲುತ್ತದೆ. ಅಣ್ಣ ಟ್ಯಾಂಕರಿಗೆ ಹೇಳಿದ್ದಾನೆ. ತುಬಚಿ-ಬಬಲೇಶ್ವರ ಏತ ನೀರಾವರಿಯ ನೀರು ಬಂದರೆ ಎಲ್ಲ ಸರಿಹೋಗುತ್ತದೆ ಎಂಬುದು ಈಗ ಈ ಮನೆಯ ಎಲ್ಲ ಮಾತಿನ ಕೊನೆ.

ಹುಡುಗಿ ನನ್ನನ್ನು ಪಡದೊಳಗೆ ಎಳೆದುಕೊಂಡು ಹೋದಳು. ಎರಡು ಸಾಲುಗಳ ನಡುವಿನ ದಾರಿಯೇ ಅವಳ ಪಿಚ್ಚು. ಆ ತುದಿಗೆ ಒಂದು ಇಟ್ಟಂಗಿ ನಿಲ್ಲಿಸಿದ್ದಾಳೆ. ಎಡಗೈ. ನಾಲ್ಕು ಹೆಜ್ಜೆ ಓಟ, ಬಲಗೈ ಮೇಲೆ, ತಲೆ ಅಲುಗುವುದಿಲ್ಲ. ಚೆಂಡು ಮಣ್ಣಿಗೆ ಬಿದ್ದು ಹೊರಕ್ಕೆ ತಿರುಗಿತು. ಎಲ್ಲ ಸಲ ಅಲ್ಲ. ತಿರುಗಿದಾಗ ಮಾತ್ರ ಚೆನ್ನಾಗಿ ತಿರುಗುತ್ತದೆ. ತೋರುಬೆರಳಿನ ಒಳಬದಿಯ ಚರ್ಮ ಒಡೆದಿದೆ, ಅರಿಶಿನ ಹಚ್ಚಿಕೊಂಡಿದ್ದಾಳೆ. ತಾಯಿಗೆ ಗೊತ್ತಿಲ್ಲವಂತೆ.

ಸಾಲಿಯಲ್ಲಿ ನನಗೆ ಕಲಿಸಲು ಬರುವುದು ಖೊಖೊ, ವಾಲಿಬಾಲ್. ಇವಳು ಚೆನ್ನಾಗಿ ಆಡುತ್ತಾಳೋ, ಸೊಸೆಯೆಂದು ನನಗೆ ಹಾಗೆ ಕಾಣುತ್ತದೋ.

ರಾತ್ರಿ

ಪಾಕಿಸ್ತಾನದ ಮೇಲೆ 95 ರನ್ನಿನ ಗೆಲುವು. ಏಕ್ತಾ ಬಿಷ್ಟ್ 18 ರನ್ನಿಗೆ 5 ವಿಕೆಟ್. ಅವಳೂ ರಾಜೇಶ್ವರಿಯಂತೆ ಎಡಗೈ ಸ್ಪಿನ್ನರ್. ಮನೆಮಂದಿಯೆಲ್ಲ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಇನ್ನು ನಮ್ಮ ರಾಜೇಶ್ವರಿಗೆ ಜಾಗ ಎಲ್ಲಿಯದು ಎಂಬ ವಿಚಾರ ಊಟದ ತನಕ ಬಿಡಲಿಲ್ಲ.

ಜುಲೈ 6, ಗುರುವಾರ. ಬಬಲೇಶ್ವರ, ಸಾಲಿಯಲ್ಲಿ

ಬೆಳಗಿನ ಬಸ್ಸಿಗೆ ಸೈಕ್ಲಿಂಗ್ ಹುಡುಗರು ಎದುರಾದರು. ಒಬ್ಬನ ಬೆನ್ನಿಗೆ ಒಬ್ಬ, ತಲೆ ತಗ್ಗಿಸಿ. ಈ ಜಿಲ್ಲೆಗೆ ಆಟ ಎಂದರೆ ಮೊದಲು ಸೈಕಲ್ಲೇ. ಕ್ರಿಕೆಟ್ಟಿಗೆ ಇಲ್ಲಿಂದ ಒಬ್ಬ ಹುಡುಗಿ ಹೋಗುತ್ತಾಳೆ ಎಂದು ಹತ್ತು ವರ್ಷದ ಹಿಂದೆ ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ.

ಎರಡನೇ ಪಿರಿಯಡ್ಡಿನಲ್ಲಿ ಹುಡುಗಿಯರಿಗೆ ರಾಜೇಶ್ವರಿಯ ಬಗ್ಗೆ ಹೇಳಿದೆ. ಪ್ರಾಥಮಿಕ ಶಾಲೆ ಮಾಸ್ತರರ ಮಗಳು. ಜಾವೆಲಿನ್, ಡಿಸ್ಕಸ್ ಎಸೆಯುತ್ತಿದ್ದವಳು, ವಾಲಿಬಾಲ್ ಆಡುತ್ತಿದ್ದವಳು. ಕ್ರಿಕೆಟ್ಟಿಗೆ ಬಂದದ್ದು ತಡವಾಗಿ. 2014ರ ಜನವರಿಯಲ್ಲಿ ವಿಶಾಖಪಟ್ಟಣದಲ್ಲಿ ಶ್ರೀಲಂಕಾ ಮೇಲೆ ಮೊದಲ ಪಂದ್ಯ. ಆಗ ಅವಳಿಗೆ 22. ಹಿಂದಿನ ಸಾಲಿನಿಂದ ಒಬ್ಬಳು ಕೇಳಿದಳು: 'ಟೀಚರ್, ಅವರಪ್ಪ ಒಲ್ಲೆ ಅನ್ನಲಿಲ್ಲೇನ್ರಿ?'

ಇಲ್ಲ, ಅವರೇ ಮುಂದೆ ನಿಂತು ಕಳಿಸಿದರು ಎಂದೆ. ಅವಳು ಮತ್ತೇನೂ ಕೇಳಲಿಲ್ಲ.

ಜುಲೈ 9, ರವಿವಾರ

ನಿನ್ನೆ ದಕ್ಷಿಣ ಆಫ್ರಿಕಾ ಮೇಲೆ ಸೋಲು, 115 ರನ್ನಿನಿಂದ. ನಾಲ್ಕು ಗೆದ್ದ ಮೇಲೆ ಇದು.

ಆ ಮಾಸ್ತರರ ಬಗ್ಗೆ ಹುಡುಗಿಯರಿಗೆ ಅರ್ಧ ಮಾತ್ರ ಹೇಳಿದ್ದೆ. ಮಗಳು ದೇಶಕ್ಕೆ ಆಡತೊಡಗಿದ ಆ 2014ರಲ್ಲೇ ಅವರು ಹೃದಯಾಘಾತದಿಂದ ಹೋದರು. ಅಲ್ಲಿಂದ ಮನೆಯ ಭಾರ ಅವಳ ಮೇಲೆ. ರೈಲ್ವೆ ನೌಕರಿ, ತಾಯಿ, ತಮ್ಮಂದಿರು, ತಂಗಿಯರು, ಮತ್ತೆ ಬೌಲಿಂಗು. ಯಾರಿಗೆ ತೋರಿಸಬೇಕೆಂದು ಆಡುತ್ತಿದ್ದಳೋ ಅವರೇ ಇಲ್ಲದ ಮೇಲೆ ನೆಟ್ಸಿಗೆ ಹೋಗುವುದು ಹೇಗಿರುತ್ತದೆ? ನಮ್ಮಪ್ಪ ಹೋದ ವರ್ಷ ನಾನು ಮೈದಾನಕ್ಕೆ ಸೀಟಿ ಹಿಡಿದುಕೊಂಡು ಹೋಗುತ್ತಿದ್ದೆ, ಊದುತ್ತಿರಲಿಲ್ಲ.

ಜುಲೈ 12, ಬುಧವಾರ. ರಾತ್ರಿ

ಆಸ್ಟ್ರೇಲಿಯಾ ಮೇಲೂ ಸೋಲು. ಮಿಥಾಲಿ ರಾಜ್ ಹೆಣ್ಣುಮಕ್ಕಳ ಏಕದಿನದಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ರನ್ ಮಾಡಿದವಳಾದಳು, ಆದರೂ ಸೋಲು. ಇನ್ನು ನ್ಯೂಜಿಲೆಂಡ್. ಸೋತರೆ ಮನೆಗೆ.

ಅಣ್ಣನ ಜೊತೆ ಫೋನಿನಲ್ಲಿ ಮಾತು. ಹುಡುಗಿಯನ್ನು ನನ್ನ ಮನೆಯಲ್ಲಿ ಇಟ್ಟುಕೊಳ್ಳುತ್ತೇನೆ, ಸಂಜೆ ಗ್ರೌಂಡಿಗೆ ಹೋಗಲಿ ಎಂದೆ. 'ಎಸ್ಸೆಸ್ಸೆಲ್ಸಿ ವರ್ಷ ಐತಿ. ಆಟ ಹೊಟ್ಟಿಗೆ ಹಾಕತೈತೇನು?' ಎಂದ. ನನಗೆ ಹೊಟ್ಟೆಗೆ ಹಾಕಿರುವುದು ಆಟವೇ. ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.

ಜುಲೈ 15, ಶನಿವಾರ. ಮಧ್ಯಾಹ್ನ 3

ಇದ್ದಾಳೆ! ಏಕ್ತಾ ಬದಲು ರಾಜೇಶ್ವರಿ. ಆರು ಪಂದ್ಯ ಹೊರಗೆ ಕೂತವಳನ್ನು ಮಾಡು-ಇಲ್ಲವೇ-ಮಡಿ ಪಂದ್ಯಕ್ಕೆ ಇಳಿಸಿದ್ದಾರೆ. ನನ್ನ ಕೈ ತಣ್ಣಗಾಗಿದೆ.

ಸಂಜೆ

265ಕ್ಕೆ 7. ಮಿಥಾಲಿ 109. ಕಡೂರಿನ ವೇದಾ ಕೃಷ್ಣಮೂರ್ತಿ 45 ಚೆಂಡಿಗೆ 70. ಸಾಕಾಗುತ್ತದೆಯೇ?

ರಾತ್ರಿ

79ಕ್ಕೆ ಆಲೌಟ್. ರಾಜೇಶ್ವರಿ 7.3 ಓವರ್, 15 ರನ್, 5 ವಿಕೆಟ್. 186 ರನ್ನಿನ ಗೆಲುವು, ಸೆಮಿಫೈನಲ್.

ಬರೆದು ಮತ್ತೆ ಓದಿದೆ. 15ಕ್ಕೆ 5.

ಏನೂ ಹೊಸದು ಮಾಡಲಿಲ್ಲ ಅವಳು. ನಿಧಾನ ಬಂದು ಒಂದೇ ಜಾಗಕ್ಕೆ ಹಾಕುತ್ತಿದ್ದಳು, ಹೊಡೆಯಲು ಹೋದವರೇ ಔಟಾಗುತ್ತಿದ್ದರು. ಮೂರು ವಾರ ಸುಮ್ಮನೆ ಕೂತ ಕೈ ಮೊದಲ ಓವರಿನಲ್ಲೇ ಆ ಜಾಗ ಹುಡುಕಿಕೊಂಡಿತಲ್ಲ, ಅದನ್ನು ನಾನು ಮಕ್ಕಳಿಗೆ ಹೇಗೆ ಕಲಿಸಲಿ? ಆಡುವುದನ್ನು ಕಲಿಸುತ್ತೇವೆ. ಆಡದೆ ಇರುವಾಗ ಹೇಗಿರಬೇಕೆಂದು ಯಾವ ಪಿರಿಯಡ್ಡಿನಲ್ಲೂ ಕಲಿಸುವುದಿಲ್ಲ.

ಓಣಿಯಲ್ಲಿ ಪಟಾಕಿ.

ಜುಲೈ 16, ರವಿವಾರ

ಅಣ್ಣ ತಾನಾಗಿ ಫೋನು ಮಾಡಿದ. ಟ್ಯಾಂಕರಿನ ರೇಟು, ಔಷಧಿ ಹೊಡೆಯುವ ಆಳು, ಮಳೆ. ಕೊನೆಗೆ, 'ಆ ರಾಜೇಶ್ವರಿ ಯಾವ ಓಣ್ಯಾಕಿ?'

ಜುಲೈ 20, ಗುರುವಾರ. ತಡರಾತ್ರಿ

ಹರ್ಮನ್‌ಪ್ರೀತ್ 171, ಔಟಾಗಲೇ ಇಲ್ಲ. ಆಸ್ಟ್ರೇಲಿಯಾ 36 ರನ್ನಿನಿಂದ ಸೋತಿತು. ನಿದ್ದೆ ಬರುತ್ತಿಲ್ಲ. ನಾಳೆ ಮೊದಲ ಬಸ್ಸು ಹಿಡಿಯಬೇಕು.

ಜುಲೈ 23, ರವಿವಾರ. ನಾಗರ ಅಮಾವಾಸ್ಯೆ

ಲಾರ್ಡ್ಸಿನಲ್ಲಿ ಫೈನಲ್. ಹುಡುಗಿ ಶನಿವಾರವೇ ಬಂದಿದ್ದಾಳೆ, ಅಣ್ಣ ತಾನೇ ಬಸ್ಸು ಹತ್ತಿಸಿದನಂತೆ. ಇಂಗ್ಲೆಂಡಿನ ಮೊದಲ ವಿಕೆಟ್ ರಾಜೇಶ್ವರಿಯದು, ವಿನ್‌ಫೀಲ್ಡ್ ಬೌಲ್ಡ್. ಹುಡುಗಿ ಎದ್ದು ಕುಣಿದಳು.

ರಾತ್ರಿ 11

228 ಬೆನ್ನಟ್ಟಿ 191ಕ್ಕೆ 3 ಇದ್ದೆವು. 219ಕ್ಕೆ ಎಲ್ಲ ಮುಗಿಯಿತು. 9 ರನ್. ಶ್ರಬ್‌ಸೋಲ್ 6 ವಿಕೆಟ್. ಕೊನೆಯದು ರಾಜೇಶ್ವರಿ. ಬಂದಳು, ಬೌಲ್ಡ್.

ಹುಡುಗಿ ಅತ್ತಳು. ಉಣ್ಣಲು ಎಬ್ಬಿಸಿದೆ, ಏಳಲಿಲ್ಲ.

ಜುಲೈ 24, ಸೋಮವಾರ

ಆ ಕೊನೆಯ ಚೆಂಡನ್ನು ಟಿವಿಯವರು ಬೆಳಿಗ್ಗೆಯಿಂದ ತೋರಿಸುತ್ತಿದ್ದಾರೆ. ಅವಳು ಬೌಲರ್. ಏಳು ವಿಕೆಟ್ 28 ರನ್ನಿಗೆ ಬಿದ್ದಿವೆ, ಬ್ಯಾಟು ಹಿಡಿದು ಕಲಿತವರೇ ನಿಲ್ಲಲಿಲ್ಲ. ಆದರೂ ಚಿತ್ರದಲ್ಲಿ ಉಳಿಯುವವಳು ಅವಳು. ನನಗೆ ಸಿಟ್ಟು ಬರುತ್ತಿದೆ. ಸ್ಟಾಫ್‌ ರೂಮಿನಲ್ಲಿ ಒಬ್ಬರು 'ನಿಮ್ಮೂರಾಕಿ ಇನ್ನ ಸ್ವಲ್ಪ ನಿಲ್ಲಬೇಕಿತ್ತು' ಎಂದರು. 15ಕ್ಕೆ 5 ನೆನಪಿದೆಯೇನ್ರಿ ಎಂದು ಕೇಳಿದೆ. ದನಿ ಏರಿತು. ಏರಲಿ.

ಜುಲೈ 27, ಗುರುವಾರ. ತಿಕೋಟಾ, ಪಂಚಮಿ

ತವರು. ಶೇಂಗಾ ಉಂಡಿ, ಎಳ್ಳುಂಡಿ, ಅರಳು. ಬೇವಿನ ಗಿಡಕ್ಕೆ ಜೋಕಾಲಿ ಕಟ್ಟಿದ್ದಾರೆ. ಓಣಿಯ ಹುಡುಗಿಯರೆಲ್ಲ ಜೀಕುತ್ತಿದ್ದರು, ನಮ್ಮವಳು ಪಡದಲ್ಲಿ ಇಟ್ಟಂಗಿ ಉರುಳಿಸುತ್ತಿದ್ದಳು.

ವೈನಿ ಒಲೆಯ ಮುಂದೆ ಸಣ್ಣ ದನಿಯಲ್ಲಿ: 'ನೀವು ಹೇಳತೀರಿ ಖರೆ. ಬಿಸಲಾಗ ಕರ್ರಗಾಗಿ, ಕೈಕಾಲು ಮುರಕೊಂಡು ಬಂದ್ರ ನಾಳೆ ಯಾರು ನೋಡತಾರ?' ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವಳಿಗೆ ಹತ್ತೊಂಬತ್ತಕ್ಕೆ ಈ ಹುಡುಗಿ ಹುಟ್ಟಿದಳು.

ಅಣ್ಣ ಹೊರಗಿನಿಂದಲೇ ಎಲ್ಲ ಕೇಳಿಸಿಕೊಂಡ. ಒಳಗೆ ಬಂದು ನೀರು ಕುಡಿದು ಹೋದ.

ಆಗಸ್ಟ್ 19, ಶನಿವಾರ. ವಿಜಯಪುರ

ಹುಡುಗಿಯನ್ನು ನಗರದ ಗ್ರೌಂಡಿಗೆ ಕರೆದೊಯ್ದೆ. ಚರ್ಮದ ಚೆಂಡು ಮೊದಲ ಸಲ. ಎರಡು ಚೆಂಡು ನೆಟ್ಟಿನ ಮೇಲೆ ಹಾರಿಹೋದವು, ಮೂರನೆಯದು ಅರ್ಧ ಪಿಚ್ಚಿಗೆ ಬಿತ್ತು. ಆಮೇಲೆ ಕೈ ಕೂತಿತು. ಕೋಚ್ ನೋಡುತ್ತ ನಿಂತರು, ಅವಳ ಬೆರಳು ಬಿಡಿಸಿ ಹೊಲಿಗೆಯ ಮೇಲೆ ಇಟ್ಟುಕೊಟ್ಟರು. 'ಕೈ ಐತ್ರಿ. ದಿನಾ ಬರಬೇಕು.' ಅಷ್ಟೇ. ಆಗುತ್ತಾಳೆ ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ.

ದಿನಾ. ತಿಕೋಟಾದಿಂದ ಇಪ್ಪತ್ತು ಕಿಲೋಮೀಟರು. ನನ್ನಲ್ಲಿ ಇಟ್ಟುಕೊಂಡರೆ ನಾನು ಬಬಲೇಶ್ವರದಿಂದ ಬರುವಷ್ಟರಲ್ಲಿ ಏಳು. ಅಲ್ಲಿಯವರೆಗೆ ಅವಳ ಜೊತೆ ಯಾರು? ಇದನ್ನು ಅಣ್ಣ ಇನ್ನೂ ಕೇಳಿಲ್ಲ. ನಾನೇ ಕೇಳಿಕೊಳ್ಳುತ್ತಿದ್ದೇನೆ.

ಅಕ್ಟೋಬರ್ 8, ರವಿವಾರ. ತಿಕೋಟಾ

ಚಾಟ್ನಿ, ಬಳ್ಳಿ ಕತ್ತರಿಸುವ ಕೆಲಸ, ನಡೆದಿದೆ. ಪಡವೆಲ್ಲ ಬೋಳು, ಬರೀ ಕಡ್ಡಿ. ಕತ್ತರಿಸಿದ ತುದಿಗೆ ಆಳುಗಳು ಪೇಸ್ಟ್ ಹಚ್ಚುತ್ತಿದ್ದಾರೆ. ಈ ತಿಂಗಳು ಮಳೆ ಬಿದ್ದರೂ ಕಷ್ಟ, ಬೀಳದಿದ್ದರೂ ಕಷ್ಟ ಎನ್ನುತ್ತಾನೆ ಅಣ್ಣ.

ಊಟಕ್ಕೆ ಕೂತಾಗ ಕಾರಿನ ಸುದ್ದಿ ಅವನೇ ತೆಗೆದ. ಸಚಿವ ಎಂ.ಬಿ. ಪಾಟೀಲರು ರಾಜೇಶ್ವರಿಗೆ ಐದು ಲಕ್ಷದ ಕಾರು ಕೊಡುತ್ತೇವೆ ಎಂದಾಗ ಅವಳು ಬೇಡ ಎಂದಿದ್ದು, ನಮ್ಮ ಮನೆಯವರಿಗೆ ಇರಲು ಮನೆ ಬೇಕು ಎಂದಿದ್ದು. ಪೇಪರಿನಲ್ಲಿ ಬಂದು ಹಳೆಯದಾದ ಸುದ್ದಿ. ಅವನ ತಲೆಯಲ್ಲಿ ಇನ್ನೂ ಕೂತಿದೆ. 'ವಿಶ್ವಕಪ್ ಆಡಿ ಬಂದಾಕಿಗೂ ಮನಿ ಇಲ್ಲ ಅಂದ್ರ ನಮ್ಮಾಕಿಗೆ ಏನ್ ಸಿಗತೈತಿ?' ಎಂದ. ತುಸು ಹೊತ್ತು ಬಿಟ್ಟು, 'ಗಟ್ಟಿಗಿತ್ತಿ ಅದಾಳ' ಎಂದೂ ಅಂದ.

ಎರಡೂ ಮಾತು ನಿಜ. ಮೊದಲನೆಯದಕ್ಕೆ ನನ್ನಲ್ಲಿ ಉತ್ತರವಿಲ್ಲ. ರಾಜೇಶ್ವರಿಯೂ ಫೈನಲ್ ತನಕ ಹೋಗಿ ಬಂದ ಮೇಲೆ ಮನೆ ಕೇಳಬೇಕಾಯಿತು.

ಹುಡುಗಿ ಬಸ್ ಪಾಸಿನ ಅರ್ಜಿ ತಂದು ಅಪ್ಪನ ತಾಟಿನ ಪಕ್ಕ ಇಟ್ಟಳು. ಅವನು ಕೈ ತೊಳೆದು ಬಂದು ಓದಿದ, ಮಡಚಿ ಕಿಸೆಯಲ್ಲಿ ಇಟ್ಟುಕೊಂಡ. ಪೇಸ್ಟ್ ಮುಗಿದಿದೆ ಎಂದು ಆಳು ಕೂಗಿದ, ಗಾಡಿ ತೆಗೆದುಕೊಂಡು ಹೋದ.

ಸಂಜೆ 5.40ರ ಬಸ್ಸಿಗೆ ನಾನು ಹೊರಟೆ. ಸಹಿ ಹಾಕಿದ್ದಾನೋ ಇಲ್ಲವೋ, ಬುಧವಾರ ಫೋನು ಮಾಡಿ ಕೇಳಬೇಕು. ಕೋಚ್ ಹತ್ತಿರ ಈ ತಿಂಗಳ ಕೊನೆಯವರೆಗೆ ತಡೆಯಿರಿ ಎಂದು ಹೇಳಿದ್ದೇನೆ.