ಮದುಮಗನ ವಾಚು

ಸಮಯ ನೋಡಲಿಕ್ಕೆ ವಾಚು ಬೇಕು ಎಂದು ಈಗ ಯಾರೂ ಹೇಳುವುದಿಲ್ಲ. ಸಮಯ ಮೊಬೈಲಿನಲ್ಲಿದೆ, ಮಸೀದಿಯ ಗೋಡೆಯಲ್ಲಿದೆ, ಕಾಲೇಜಿನ ಬೆಲ್ಲಿನಲ್ಲಿದೆ. ಆದರೂ ನಮ್ಮ ಊರುಗಳಲ್ಲಿ ಒಂದು ವಾಚಿನ ಬೆಲೆ ಇನ್ನೂ ಇಳಿದಿಲ್ಲ. ಅದು ಮದುಮಗನ ವಾಚು.

ಕಳೆದ ವರ್ಷ ನನ್ನ ಅಕ್ಕನ ಮದುವೆ ನಿಶ್ಚಯವಾಯಿತು. ನಮ್ಮದು ಬಂಟ್ವಾಳದ ಪಾಣೆಮಂಗಳೂರು, ಹುಡುಗನ ಮನೆ ಬೆಳ್ತಂಗಡಿ ತಾಲೂಕಿನಲ್ಲಿ. ಮಾತುಕತೆಗೆ ಬಂದವರು ಹಣ ಕೇಳಲಿಲ್ಲ, ಬಂಗಾರದ ಲೆಕ್ಕ ಕೇಳಲಿಲ್ಲ. ಉಮ್ಮ ಒಳಗಿನಿಂದಲೇ ಅಲ್‌ಹಮ್ದುಲಿಲ್ಲಾಹ್ ಎಂದರು. ಹೊರಡುವಾಗ ಚಪ್ಪಲಿ ಹಾಕುತ್ತಾ ಹಿರಿಯರೊಬ್ಬರು, "ವಾಚು ಮಾತ್ರ ಒಂದು ರಾಡೋ ಆದರೆ ಚಂದ, ನಾಲ್ಕು ಜನ ನೋಡುವಂಥದ್ದು" ಎಂದರು. ಅದು ಕೇಳಿದ ಹಾಗೂ ಅಲ್ಲ, ಕೇಳದ ಹಾಗೂ ಅಲ್ಲ. ಆದರೆ ಆ ದಿನದಿಂದ ನಮ್ಮ ಮನೆಯಲ್ಲಿ ಮದುವೆಯ ಲೆಕ್ಕಕ್ಕೆ ಹೊಸದೊಂದು ಸಾಲು ಸೇರಿತು.

ರಾಡೋ ಎಂದರೇನೆಂದು ನಮ್ಮ ಹಿರಿಯರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಗಲ್ಫಿನಿಂದ ಬಂದವರ ಕೈ ನೋಡಿ ಕಲಿತ ಲೆಕ್ಕ ಅದು. ಕ್ಯಾಸಿಯೋ ಮಕ್ಕಳಿಗೆ, ಸೀಕೋ ಫೈವ್ ಮತ್ತು ಸಿಟಿಜನ್ ದುಡಿಯುವವನಿಗೆ, ರಾಡೋ ದುಡಿದು ಗೆದ್ದವನಿಗೆ. ಅದರ ಮೇಲೆ ರೋಲೆಕ್ಸ್. ಹೆಸರು ಕೇಳಿದವರು ಬಹಳ, ಕಂಡವರು ಕಡಿಮೆ. ರಾಡೋಗೆ ಈ ಗೌರವ ಸುಮ್ಮನೆ ಬಂದದ್ದಲ್ಲ. 1962ರಲ್ಲಿ ಬಂದ ಅದರ ಡಯಾಸ್ಟಾರ್ ಸುಲಭಕ್ಕೆ ಗೀರು ಬೀಳದ ವಾಚು ಎಂದು ಹೆಸರು ಮಾಡಿತು. ಸಿಮೆಂಟು, ಕಬ್ಬಿಣದ ನಡುವೆ ಕೆಲಸ ಮಾಡುವವರಿಗೆ ವರ್ಷಗಳಾದರೂ ಹೊಳಪು ಹೋಗದ ವಾಚು ದೊಡ್ಡ ವಿಷಯವೇ.

ಲೋಕದಲ್ಲಿ ವಾಚು ಸಂಗ್ರಹಿಸುವವರ ಲೆಕ್ಕವೂ ಹೀಗೆಯೇ ಇದೆಯೇ ಎಂದು ನಾನು ಓದತೊಡಗಿದೆ. ಅವರ ಏಣಿಯ ಮೇಲಿನ ಮೆಟ್ಟಿಲಲ್ಲಿ ಸಾಮಾನ್ಯವಾಗಿ ಸ್ವಿಟ್ಜರ್ಲೆಂಡಿನ ಮೂರು ಹೆಸರುಗಳಿವೆ: 1755ರ ವಾಶೆರೋನ್ ಕಾನ್‌ಸ್ಟಂಟಿನ್, 1839ರ ಪಾಟೆಕ್ ಫಿಲಿಪ್, 1875ರ ಔಡೆಮಾರ್ ಪಿಗೆ. ಜರ್ಮನಿಯ ಲಾಂಗೆಯನ್ನು ಅವುಗಳ ಪಕ್ಕದಲ್ಲಿ ಕೂರಿಸುವವರು ಅನೇಕರಿದ್ದಾರೆ. ನಾವು ತುತ್ತತುದಿ ಎಂದುಕೊಂಡ ರೋಲೆಕ್ಸ್ ಇವುಗಳ ಕೆಳಗೆ ಬರುತ್ತದೆ. ಚಂದ್ರನ ಮೇಲೆ ಹೋದ ವಾಚಿನ ಒಮೆಗಾ ಅದಕ್ಕಿಂತ ತುಸು ಕೆಳಗೆ. ರಾಡೋ ಒಮೆಗಾದ ಸಮೂಹಕ್ಕೇ ಸೇರಿದ್ದು, ಆದರೆ ಅದರ ಸ್ಥಾನ ಒಮೆಗಾಕ್ಕಿಂತಲೂ ಕೆಳಗೆ.

ನನಗೆ ಆಶ್ಚರ್ಯವಾದದ್ದು ಈ ಕ್ರಮವಲ್ಲ, ಅದರ ಹಿಂದಿನ ಕಾರಣ. ಸಂಗ್ರಹಕಾರರು ಹೊಳಪನ್ನು ಮಾತ್ರ ನೋಡುವುದಿಲ್ಲ. ಒಳಗಿನ ಯಂತ್ರವನ್ನು ಯಾರು ಮಾಡಿದರು, ಕೈಕೆಲಸ ಎಷ್ಟು, ಅಂಥವು ಎಷ್ಟಿವೆ ಎಂದು ಕೇಳುತ್ತಾರೆ. 1972ರಲ್ಲಿ ಔಡೆಮಾರ್ ಪಿಗೆ 'ರಾಯಲ್ ಓಕ್' ಎಂಬ ಉಕ್ಕಿನ ವಾಚನ್ನು ಚಿನ್ನದ ವಾಚಿನ ಬೆಲೆಗೆ ಮಾರಾಟಕ್ಕಿಟ್ಟಿತು. 2019ರಲ್ಲಿ ಜಿನೀವಾದ ಒಂದು ದತ್ತಿ ಹರಾಜಿನಲ್ಲಿ ಪಾಟೆಕ್ ಫಿಲಿಪ್‌ನ ಒಂದು ವಾಚು 3.1 ಕೋಟಿ ಸ್ವಿಸ್ ಫ್ರಾಂಕಿಗೆ ಹೋಯಿತು. ಅದೂ ಉಕ್ಕಿನದೇ. ಇನ್ನೊಂದು ತಮಾಷೆ: ಮೇಲಿನ ಆ ಮೂರೂ ಕಂಪೆನಿಗಳು ಒಂದು ಕಾಲದಲ್ಲಿ ಜೇಗರ್ ಲಕೂಲ್ತ್ರ್ ಎಂಬ ಮತ್ತೊಂದು ಕಂಪೆನಿಯ ಯಂತ್ರವನ್ನು ಮೂಲವಾಗಿಟ್ಟುಕೊಂಡು ತಮ್ಮ ಹೆಸರಿನಲ್ಲಿ ವಾಚು ಮಾರಿವೆ. ಆ ಕಂಪೆನಿ ಮಾತ್ರ ಏಣಿಯಲ್ಲಿ ಒಂದು ಮೆಟ್ಟಿಲು ಕೆಳಗಿದೆ.

ಸಮಯದ ನಿಖರತೆಯೇ ದೊಡ್ಡಸ್ತಿಕೆ ಎಂದಾದರೆ ಇಡೀ ಏಣಿ ತಲೆಕೆಳಗಾಗುತ್ತದೆ. ಸ್ವಿಸ್ ಕ್ರೋನೋಮೀಟರ್ ಪ್ರಮಾಣಪತ್ರ ಪಡೆಯುವ ಯಾಂತ್ರಿಕ ವಾಚು ದಿನಕ್ಕೆ ಸರಾಸರಿ 4 ಸೆಕೆಂಡ್ ಹಿಂದೆ, 6 ಸೆಕೆಂಡ್ ಮುಂದೆ ಹೋಗಬಹುದು. 1989ರಿಂದ ಮಾರಾಟದಲ್ಲಿರುವ ಕ್ಯಾಸಿಯೋ ಎಫ್-91 ಡಬ್ಲ್ಯು ತಪ್ಪುವುದು ತಿಂಗಳಿಗೆ ಸುಮಾರು 30 ಸೆಕೆಂಡ್. ಸೆಕೆಂಡಿಗೆ 32,768 ಸಲ ಕಂಪಿಸುವ ಕ್ವಾರ್ಟ್ಸ್ ಹರಳಿನ ಮುಂದೆ ಲಕ್ಷಗಟ್ಟಲೆ ಬೆಲೆಯ ಸ್ಪ್ರಿಂಗ್ ಸೋಲುತ್ತದೆ. ಪರೀಕ್ಷೆ ಬರೆಯುವ ನಮಗೆ ಕ್ಯಾಸಿಯೋವೇ ಮೇಲು.

ನಮ್ಮ ರಾಜ್ಯಕ್ಕೂ ಈ ಏಣಿಯಲ್ಲಿ ಒಂದು ಪಾಲಿದೆ. ಮೂಡುಬಿದಿರೆಯಲ್ಲಿರುವ ಚಿಕ್ಕಮ್ಮನ ಮನೆಗೆ ಹೋದಾಗ ಅಜ್ಜನ ಎಚ್‌ಎಂಟಿ ವಾಚನ್ನು ಪೇಟೆಯ ಒಬ್ಬ ರಿಪೇರಿಯವರಿಗೆ ತೋರಿಸಿದೆ. ಅವರು ಹಿಂಬದಿಯ ಮುಚ್ಚಳ ತೆಗೆದು, ಕಣ್ಣಿಗೆ ಕನ್ನಡಿ ಸಿಕ್ಕಿಸಿ ನೋಡಿ, "ಜನತಾ. ಕ್ಲೀನ್ ಮಾಡಿ ಎಣ್ಣೆ ಬಿಟ್ಟರೆ ನಿನ್ನ ಮಕ್ಕಳ ಕಾಲಕ್ಕೂ ಓಡುತ್ತದೆ" ಎಂದರು. ಎಚ್‌ಎಂಟಿ ಜಪಾನಿನ ಸಿಟಿಜನ್ ಕಂಪೆನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ವಾಚು ಕಾರ್ಖಾನೆ ತೆರೆದದ್ದು 1961ರಲ್ಲಿ. ಆಮೇಲೆ ತುಮಕೂರಿನಲ್ಲೂ ಬಂತು. ಒಂದು ಕಾಲದಲ್ಲಿ ಅವರ 'ಕಾಂಚನ' ದೇಶದ ಎಷ್ಟೋ ಕಡೆ ಮದುಮಗನ ವಾಚು. 2016ರಲ್ಲಿ ವಾಚು ವಿಭಾಗವನ್ನು ಮುಚ್ಚಲು ಸರಕಾರ ತೀರ್ಮಾನಿಸಿದ ಮೇಲೆ ಸಂಗ್ರಹಕಾರರು ಹುಡುಕುತ್ತಿರುವುದು ದುಬಾರಿ ಕಾಂಚನವನ್ನಷ್ಟೇ ಅಲ್ಲ, ಸಾಮಾನ್ಯರು ಕಟ್ಟುತ್ತಿದ್ದ ಜನತಾ ಮತ್ತು ಕಪ್ಪು ಮುಖದ ಪೈಲಟನ್ನೂ.

ಅದೇ 1961ರಲ್ಲಿ ವರದಕ್ಷಿಣೆ ನಿಷೇಧ ಕಾಯ್ದೆಯೂ ಬಂತು. ಕೇಳದೆ, ಶಕ್ತಿಗೆ ತಕ್ಕಂತೆ, ವಾಡಿಕೆಯಂತೆ ಕೊಟ್ಟ ಉಡುಗೊರೆಗೆ ಅದರಲ್ಲಿ ಅಡ್ಡಿಯಿಲ್ಲ. ಕೇಳಿ ಪಡೆದರೆ ಅಪರಾಧ. ಚಪ್ಪಲಿ ಹಾಕುತ್ತಾ ಹೇಳಿದ ಮಾತು ಯಾವ ಕಡೆ ಬೀಳುತ್ತದೆ ಎಂದು ನೀವೇ ಯೋಚಿಸಿ. ಕಾನೂನು ಹಾಗಿರಲಿ. ಗಂಡಸರು ಚಿನ್ನ ಧರಿಸಬಾರದು ಎಂದು ಮದ್ರಸದ ಸಣ್ಣ ತರಗತಿಯಲ್ಲೇ ಕಲಿತಿದ್ದೇವೆ. ಅದಕ್ಕೇ ನಮ್ಮಲ್ಲಿ ಮದುಮಗನಿಗೆ ಚಿನ್ನದ ವಾಚು ಬೇಡ ಎನ್ನುತ್ತೇವೆ. ಚಿನ್ನವನ್ನು ಬಿಟ್ಟೆವು, ಆದರೆ ಚಿನ್ನದ ಬೆಲೆಯನ್ನು ಬಿಡಲಿಲ್ಲ. ನಿಕಾಹ್‌ನಲ್ಲಿ ಕೊಡಬೇಕಾದ ಮಹರ್ ಗಂಡಿನಿಂದ ಹೆಣ್ಣಿಗೆ. ವಾಚು ಅದರ ಎದುರು ದಿಕ್ಕಿನಲ್ಲಿ ಹೋಗುತ್ತಿದೆ.

ನಮ್ಮ ಮನೆಯಿಂದಲೂ ಹೋಯಿತು. ಬೀಡಿ ಕಟ್ಟುವ ಉಮ್ಮನಿಂದ ಅಷ್ಟು ಹಣ ಆಗುವಂತಿರಲಿಲ್ಲ. ದಮಾಮ್‌ನಲ್ಲಿ ಡ್ರೈವರ್ ಆಗಿರುವ ಮಾಮ ವಾಚು ಖರೀದಿಸಿ, ಊರಿಗೆ ಬರುವವರ ಕೈಯಲ್ಲಿ ಕಳಿಸಿದರು. ತಾವು ಮದುವೆಗೆ ಬರಲಿಲ್ಲ. ರಜೆ ಸಿಗಲಿಲ್ಲ ಎಂದರು. ರಜೆ ಸಿಕ್ಕಿತ್ತು, ಟಿಕೆಟಿಗೆಂದು ಇಟ್ಟ ಹಣ ವಾಚಿಗೆ ಹೋಯಿತು ಎಂದು ಮಾಮಿ ಆಮೇಲೆ ಹೇಳಿದರು. ಅಕ್ಕನನ್ನು ಎತ್ತಿ ಆಡಿಸಿದ ಮಾಮ ಅವಳ ನಿಕಾಹ್ ನೋಡಿದ್ದು ಮೊಬೈಲಿನಲ್ಲಿ.

ಭಾವ ಒಳ್ಳೆಯವರು. ಅವರ ಹೆಸರಿನಲ್ಲಿ ವಾಚು ಕೇಳಿದ್ದಾರೆಂಬುದು ಅವರಿಗೆ ಮದುವೆಯ ಮೇಲೆಯೇ ಗೊತ್ತಾದದ್ದು. ಹಾರ್ಡ್‌ವೇರ್ ಅಂಗಡಿಯ ಕೆಲಸಕ್ಕೆ ಅವರು ತಮ್ಮ ಹಳೆಯ ಕ್ಯಾಸಿಯೋ ಕಟ್ಟುತ್ತಾರೆ. ರಾಡೋ ಕಪಾಟಿನಲ್ಲಿದೆ, ಜುಮಾಕ್ಕೆ ಮಾತ್ರ ಹೊರಬರುತ್ತದೆ.

ವಾಚಿನ ಮೇಲೆ ಆಸೆ ಇರುವುದು ತಪ್ಪಲ್ಲ. ದುಡಿದು ಕೊಂಡವನ ಕೈಯಲ್ಲಿ ಅದು ಚಂದವೇ. ನಮ್ಮ ಕಾಲೇಜಿನ ಹುಡುಗರಿಗೆ ನಾನು ಹೇಳುವುದು ಇಷ್ಟೇ: ನಿಮ್ಮ ಅಣ್ಣನ ಮಾತುಕತೆಗೆ, ಮುಂದೆ ನಿಮ್ಮದೇ ಮಾತುಕತೆಗೆ ಹಿರಿಯರು ಹೊರಡುವ ಮೊದಲು "ವಾಚು ಕೇಳಬೇಡಿ" ಎಂದು ಬಾಯಿಬಿಟ್ಟು ಹೇಳಿ ಕಳಿಸಿ. ನೀವು ಸುಮ್ಮನಿದ್ದರೆ ಅವರು ನಿಮ್ಮ ಹೆಸರಿನಲ್ಲೇ ಕೇಳುತ್ತಾರೆ.