ಒಂದೇ ಅಕ್ಷಾಂಶ, ಹಲವು ನಾಡು

ಶಾಲೆಯ ಅಟ್ಲಾಸಿನಲ್ಲಿ ಕರ್ನಾಟಕದ ಪುಟ ತೆರೆದು, 13 ಡಿಗ್ರಿ ಉತ್ತರ ಅಕ್ಷಾಂಶದ ಗೆರೆಯ ಮೇಲೆ ಬೆರಳಿಟ್ಟು ಎಡಕ್ಕೆ ಸರಿಸುತ್ತ ಹೋಗಿ. ಬೆಂಗಳೂರು, ಕುಣಿಗಲ್, ಹಾಸನ, ಸಕಲೇಶಪುರ, ಮಂಗಳೂರು ಎಲ್ಲವೂ ಆ ಗೆರೆಯ ಮೇಲೆ, ಇಲ್ಲವೇ ಅದಕ್ಕೆ ತೀರ ಸಮೀಪದಲ್ಲಿವೆ. ಕರ್ಕಾಟಕ ಸಂಕ್ರಾಂತಿ ವೃತ್ತದ ಕೆಳಗಿರುವ ನಮ್ಮ ರಾಜ್ಯ ಪೂರ್ತಿಯಾಗಿ ಉಷ್ಣವಲಯಕ್ಕೆ ಸೇರಿದ್ದು. ಹಾಗಾಗಿ ವರ್ಷಕ್ಕೆ ಎರಡು ದಿನ ಸೂರ್ಯ ನಮ್ಮ ನೆತ್ತಿಯ ಮೇಲೆ ನೇರವಾಗಿ ಬರುತ್ತಾನೆ. ಏಪ್ರಿಲ್ 24ರ ಸುಮಾರಿಗೆ ವಿಜಯನಗರದ ಮನೆಯೊಂದರ ತಾರಸಿಯ ಮೇಲೆ ನೆಟ್ಟ ಕೋಲಿನ ನೆರಳು ನಡುಹಗಲಲ್ಲಿ ಮಾಯವಾದರೆ, ಸುಮಾರು 11 ನಿಮಿಷದ ಬಳಿಕ ಮಂಗಳೂರಿನ ಕೋಲಿನ ನೆರಳೂ ಮಾಯವಾಗುತ್ತದೆ.

ಸೂರ್ಯನ ಲೆಕ್ಕದಲ್ಲಿ ಎರಡು ಊರಿಗೂ ಭೇದವಿಲ್ಲ. ಆದರೆ ನಡುವಿನ ನೆಲ ನಾಲ್ಕಾರು ಬಾರಿ ಬಣ್ಣ, ಬೆಳೆ, ಕಲ್ಲು ಬದಲಿಸುತ್ತದೆ. ಅದರ ಜೊತೆಗೆ ಕನ್ನಡದ ಪದಗಳೂ ಬದಲಾಗುತ್ತವೆ.

ಸ್ಪ್ಯಾನಿಷ್ ಕಲಿಯಬೇಕೆನ್ನುವ ಎಷ್ಟೋ ವಿದೇಶೀಯರು ಮಧ್ಯ ಅಮೆರಿಕದ ಕೋಸ್ಟರಿಕಾಕ್ಕೆ ಹೋಗುತ್ತಾರೆ. ಅದೂ ಉಷ್ಣವಲಯದ ದೇಶವೇ. ತರಗತಿಯಲ್ಲಿ ಕಲಿತ ಮಾತಿಗೆ ಅಲ್ಲಿನ ಜ್ವಾಲಾಮುಖಿ, ಮೋಡ ಮುಸುಕಿದ ಕಾಡು, ಎರಡು ಬದಿಯ ಕಡಲತೀರ ಅರ್ಥ ತುಂಬುತ್ತವೆ. ಪದದ ಜೊತೆಗೇ ಪದಾರ್ಥವೂ ಸಿಗುತ್ತದೆ. ಕರ್ನಾಟಕ ವಿಸ್ತೀರ್ಣದಲ್ಲಿ ಆ ದೇಶದ ಮೂರೂವರೆ ಪಟ್ಟಿಗಿಂತ ದೊಡ್ಡದು. ರಾಜಾಜಿನಗರ, ಬಸವೇಶ್ವರನಗರಗಳಲ್ಲಿ ಕನ್ನಡವನ್ನು ಎರಡನೆಯ, ಮೂರನೆಯ ಭಾಷೆಯಾಗಿ ಓದುವ ಮಕ್ಕಳಿಗೆ, ಹೊಸದಾಗಿ ಕನ್ನಡ ಕಲಿಯುತ್ತಿರುವ ನೆರೆಹೊರೆಯವರಿಗೆ ಅಂಥದೊಂದು ಪಾಠ ಯಶವಂತಪುರದಲ್ಲಿ ರೈಲು ಹತ್ತಿದರೆ ಒಂದೇ ಹಗಲಿನಲ್ಲಿ ಸಿಗುತ್ತದೆ.

ಮೋರಿಯಾದ ಹೊಳೆ

ರೈಲು ಹತ್ತುವ ಮೊದಲು ಮನೆಯ ಸುತ್ತಲಿನ ನೆಲವನ್ನೇ ನೋಡಬೇಕು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆ. ಅದರ ಪಶ್ಚಿಮದ ಇಳಿಜಾರಿನಲ್ಲಿ ಬಿದ್ದ ಮಳೆನೀರಿನ ಬಹುಪಾಲು ವೃಷಭಾವತಿ ಸೇರಿ, ಕೆಂಗೇರಿ ದಾಟಿ, ಅರ್ಕಾವತಿಯ ಮೂಲಕ ಕಾವೇರಿಗೆ ಹೋಗುತ್ತದೆ. ಇಂದು ಮೈಸೂರು ರಸ್ತೆಯ ಪಕ್ಕ ಅದು ಹರಿಯುವುದನ್ನು ಕಂಡ ಮಗು 'ಮೋರಿ' ಎನ್ನುತ್ತದೆ. ಮಗುವಿನ ತಪ್ಪಲ್ಲ, ಕಣ್ಣಿಗೆ ಕಂಡದ್ದು ಅದೇ. ಕೆರೆಯ ಏರಿ, ತೂಬು, ಕೋಡಿ, ಅಂಗಳ, ಅಚ್ಚುಕಟ್ಟು ಎಂಬ ಪದಗಳಿಗೂ ಇದೇ ಗತಿ. ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಇಂದು ಮೆಜೆಸ್ಟಿಕ್ ಬಸ್ ನಿಲ್ದಾಣವಿದೆ. ಕೆರೆ ಹೋದಾಗ ಅದರ ಜೊತೆ ಐದಾರು ಪದಗಳೂ ಹೋದವು.

ಕೆಮ್ಮಣ್ಣಿನ ಬಯಲು

ನೆಲಮಂಗಲ ದಾಟಿ ಕುಣಿಗಲ್ ಮೂಲಕ ಹಾಸನಕ್ಕೆ ಹೋಗುವ ಈ ಮಾರ್ಗ ಪೂರ್ತಿಯಾಗಿ ತೆರೆದದ್ದು 2017ರಲ್ಲಿ. ಕಿಟಕಿಯ ಹೊರಗೆ ರಾಗಿ ಹೊಲ, ತೆಂಗಿನ ತೋಟ, ಹುಣಸೆ ಮರ. ಮಣ್ಣು ಕೆಂಪಗಿರುವುದು ಅದರಲ್ಲಿನ ಕಬ್ಬಿಣದ ಆಕ್ಸೈಡಿನಿಂದ. ಮಳೆಯನ್ನು ನಂಬಿದ್ದು ಹೊಲ, ನೀರು ಕಟ್ಟಿ ನಿಲ್ಲಿಸಿದ್ದು ಗದ್ದೆ ಎಂಬ ವ್ಯತ್ಯಾಸವನ್ನು ಇಲ್ಲಿ ವಿವರಿಸಬೇಕಾಗಿಲ್ಲ, ಬೆರಳು ಮಾಡಿ ತೋರಿಸಿದರೆ ಸಾಕು. ಜನಪದರ ಹಾಡಿನಿಂದ ಹೆಸರಾದ ಕುಣಿಗಲ್ ಕೆರೆಯ ಬಳಿ ಇಳಿದರೆ ಏರಿ, ಕೋಡಿಗಳನ್ನೂ ತೋರಿಸಬಹುದು. ಶ್ರವಣಬೆಳಗೊಳದಲ್ಲಿ ಇಳಿದವರಿಗೆ 'ಹುಟ್ಟುಬಂಡೆ'ಯ ಅರ್ಥ ಹೇಳುವ ಅಗತ್ಯವೇ ಇಲ್ಲ. ಕ್ರಿ.ಶ. 981ರ ಸುಮಾರಿಗೆ 58 ಅಡಿಯ ಗೊಮ್ಮಟ ರೂಪುಗೊಂಡದ್ದು ಅಂಥ ಏಕಶಿಲೆಯಲ್ಲಿ. ಬೆಳಗೊಳವೆಂದರೆ ಬಿಳಿಯ ಕೊಳ. ಊರಿನ ಹೆಸರೇ ಭೂಗೋಳದ ಪಾಠ.

ಘಟ್ಟದ ಅಂಚು

ಹಾಸನ ದಾಟುತ್ತಿದ್ದಂತೆ ಹೊಲಗಳು ಕಡಿಮೆಯಾಗಿ ಮರಗಳ ನೆರಳಿನ ಕಾಫಿ ತೋಟಗಳು ಶುರುವಾಗುತ್ತವೆ. ಇದು ಅರೆಮಲೆನಾಡು. ಸಕಲೇಶಪುರದ ಹೇಮಾವತಿ, ಪಡುವಣ ಕಡಲು ಇಷ್ಟು ಹತ್ತಿರವಿದ್ದರೂ ಅದಕ್ಕೆ ಬೆನ್ನು ತಿರುಗಿಸಿ ಕಾವೇರಿಯನ್ನು ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತಾಳೆ. ತುಸು ಮುಂದೆ ಘಟ್ಟದ ಅಂಚು. ಅಲ್ಲಿಂದಾಚೆ ಕೆಂಪುಹೊಳೆ, ಕುಮಾರಧಾರಾಗಳ ನೀರು ನೇತ್ರಾವತಿಯನ್ನು ಸೇರಿ ಅರಬ್ಬಿ ಸಮುದ್ರಕ್ಕೆ ಇಳಿಯುತ್ತದೆ.

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ನಿಲ್ದಾಣದವರೆಗಿನ ಸುಮಾರು 55 ಕಿಲೋಮೀಟರಿನಲ್ಲಿ 57 ಸುರಂಗಗಳಿವೆ. ಇಳಿಜಾರು 50 ಮೀಟರಿಗೆ ಒಂದು ಮೀಟರ್. ಹಳ್ಳ, ತೊರೆ, ಝರಿ, ಅಬ್ಬಿ, ಕಣಿವೆ, ಕಾನು ಎಂಬ ಪದಗಳು ಸುರಂಗ ಸುರಂಗದ ನಡುವೆ ಮಿಂಚಿ ಮರೆಯಾಗುತ್ತವೆ.

ಇಷ್ಟೊಂದು ನೀರು ಏಕೆ? ಜೂನ್‌ನಿಂದ ಕಡಲಿನ ತೇವ ಹೊತ್ತ ಗಾಳಿ ಈ ಗೋಡೆಗೆ ಬಡಿದು ಮೇಲೇರುತ್ತದೆ. ಮೇಲೆ ಒತ್ತಡ ಕಡಿಮೆ. ಗಾಳಿ ಹಿಗ್ಗಿ ತಣ್ಣಗಾಗಿ, ಆವಿ ಹನಿಯಾಗಿ ಸುರಿಯುತ್ತದೆ. ಘಟ್ಟ ದಾಟಿ ಪೂರ್ವಕ್ಕೆ ಇಳಿಯುವ ಗಾಳಿಯಲ್ಲಿ ಉಳಿಯುವ ತೇವ ಅಷ್ಟಕ್ಕಷ್ಟೆ. ಆದ್ದರಿಂದ ಮಂಗಳೂರಿಗೆ ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ, ಬೆಂಗಳೂರಿಗೆ 1,000 ಮಿ.ಮೀ.ಗಿಂತ ತುಸು ಕಡಿಮೆ. ಸೂರ್ಯನ ನೆರಳು ಎರಡೂ ಊರಿಗೆ ಒಂದೇ ಆದರೂ ಮಳೆಯ ನೆರಳು ಬೀಳುವುದು ನಮ್ಮ ಕಡೆಗೆ ಮಾತ್ರ.

ಬೆಟ್ಟವಲ್ಲದ ಬೆಟ್ಟು

ಕರಾವಳಿಯಲ್ಲಿ ಕಲ್ಲು ಮತ್ತೆ ಬೇರೆ. ಬಿಸಿಲು, ಮಳೆಗಳು ಲಕ್ಷಾಂತರ ವರ್ಷ ತೊಳೆದು ಸಿಲಿಕಾ ಕರಗಿಹೋಗಿ, ಕಬ್ಬಿಣ, ಅಲ್ಯೂಮಿನಿಯಂ ಸಂಯುಕ್ತಗಳು ಉಳಿದು ಆದದ್ದು ಮುರಕಲ್ಲು. ಅಗೆದಾಗ ಮೆದು, ಗಾಳಿಗಿಟ್ಟರೆ ಗಟ್ಟಿ. 1807ರಲ್ಲಿ ಫ್ರಾನ್ಸಿಸ್ ಬುಕನನ್ ಇದಕ್ಕೆ 'ಲ್ಯಾಟರೈಟ್' ಎಂದು ಹೆಸರಿಟ್ಟದ್ದು ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಪದದಿಂದ. ಕನ್ನಡದಲ್ಲಿ ಇದಕ್ಕೆ ಜಂಬಿಟ್ಟಿಗೆ ಎಂಬ ಹೆಸರೂ ಉಂಟು. ಇಟ್ಟಿಗೆಯ ಹೋಲಿಕೆ ನಮ್ಮವರಿಗೂ ಹೊಳೆದಿತ್ತು!

ಬಯಲುಸೀಮೆಯಲ್ಲಿ ಬಯಲೆಂದರೆ ಕಣ್ಣು ಹಾಯುವಷ್ಟು ದೂರದ ಸಮನೆಲ. ದಕ್ಷಿಣ ಕನ್ನಡದಲ್ಲಿ ಬೈಲೆಂದರೆ ಗುಡ್ಡಗಳ ನಡುವಿನ ತಗ್ಗಿನ ಗದ್ದೆ. ಅದಕ್ಕಿಂತ ಮೇಲಿನದು ಮಜಲು, ಮಳೆಯನ್ನೇ ನಂಬಿದ ಎತ್ತರದ್ದು ಬೆಟ್ಟು. ನಮ್ಮ ಕಡೆಯ ಬೆಟ್ಟ ಹತ್ತಿ ಬಂದವರಿಗೆ ಆ ಬೆಟ್ಟು ನೋಡಿ ನಗು ಬಂದೀತು. ಕೊನೆಗೆ ನೇತ್ರಾವತಿ ಕಡಲು ಸೇರುವ ಅಳಿವೆ. 'ಎಸ್ಚುರಿ'ಯ ವ್ಯಾಖ್ಯೆಯನ್ನು ಬಾಯಿಪಾಠ ಮಾಡಿದ ವಿದ್ಯಾರ್ಥಿ ಅಲ್ಲಿ ನಿಂತು ನೀರನ್ನು ನಾಲಗೆಗೆ ಸೋಕಿಸಿದರೆ, ಸಿಹಿನೀರು ಉಪ್ಪಾಗುವ ಜಾಗವೆಂಬುದು ಮತ್ತೆ ಮರೆಯುವುದಿಲ್ಲ.

ಹೊರಡುವವರು ರೈಲಿನ ವೇಳೆಯನ್ನು ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು. ಮಳೆಗಾಲದಲ್ಲಿ ಗುಡ್ಡ ಕುಸಿದು 2018ರಲ್ಲೂ 2024ರಲ್ಲೂ ಘಟ್ಟದ ಸಂಚಾರ ನಿಂತಿತ್ತು. ಮಳೆ ನಿಂತು ಹಸಿರು ಉಳಿದಿರುವ ತಿಂಗಳುಗಳು ಉತ್ತಮ. ಮಕ್ಕಳ ಕೈಯಲ್ಲಿ ಮೂರು ಅಂಕಣದ ಒಂದು ಪುಸ್ತಕವಿರಲಿ: ಪದ, ಕಂಡ ಜಾಗ, ಹಾಗಿರಲು ಕಾರಣ. ಮೊದಲ ಸಾಲಿನಲ್ಲಿ ವೃಷಭಾವತಿಯನ್ನೇ ಬರೆಸಿ. ಪದದ ಅಂಕಣದಲ್ಲಿ 'ಹೊಳೆ' ಎಂದೇ ಬರೆಯಲಿ. ಅದು ಮೋರಿಯಂತೆ ಕಾಣಲು ಕಾರಣವೇನೆಂಬ ಮೂರನೆಯ ಅಂಕಣವನ್ನು ಮಕ್ಕಳ ಜೊತೆ ಹಿರಿಯರೂ ಕುಳಿತು ತುಂಬಬೇಕು.