ಹಳಿಯ ಬಳಿಗೆ ಬಂದ ಊರು

ಮೈಸೂರಿನಿಂದ ಅರಸೀಕೆರೆಯ ಕಡೆಗೆ ಹೊರಡುವ ಪ್ಯಾಸೆಂಜರ್ ಗಾಡಿಯಲ್ಲಿ ಹೊಸಬರು ಮಾಡುವ ತಪ್ಪೊಂದುಂಟು. ಕೃಷ್ಣರಾಜಸಾಗರ, ಕೃಷ್ಣರಾಜನಗರ ಇವೆರಡೂ ಒಂದೇ ಹಳಿಯ ಮೇಲಿನ ನಿಲ್ದಾಣಗಳು. ಎರಡೂ ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರನ್ನೇ ಹೊತ್ತವು. ಬೃಂದಾವನದ ಕಾರಂಜಿಗಳನ್ನು ನೋಡಲೆಂದು ಸಂಸಾರಸಮೇತ ಹೊರಟ ಮಹನೀಯರೊಬ್ಬರು ಕಿಟಕಿಯ ಗಾಳಿಗೆ ತೂಕಡಿಸಿ, ಕಡೆಗೆ ಭತ್ತದ ಗದ್ದೆಗಳ ಸೀಮೆಯಲ್ಲಿ ಇಳಿದುದನ್ನು ನಾನೇ ಕಂಡಿದ್ದೇನೆ. ಅವರ ಶ್ರೀಮತಿಯವರ ಮುಖವನ್ನು ವರ್ಣಿಸುವ ಸಾಹಸಕ್ಕೆ ನಾನು ಕೈಹಾಕುವುದಿಲ್ಲ.

ನಮ್ಮ ಸೀಮೆಗೆ ಕಡಲಿಲ್ಲ. ಆ ಕೊರತೆಯನ್ನು ಅಷ್ಟಿಷ್ಟು ನೀಗುವುದು ಸಾಗರಕಟ್ಟೆ. 1911ರಲ್ಲಿ ಕನ್ನಂಬಾಡಿಯ ಕಟ್ಟೆಯ ಕೆಲಸ ಆರಂಭವಾಗಿ, ಎರಡು ದಶಕಗಳಲ್ಲಿ ಕಾವೇರಿ ಹಿಂದೆ ಸರಿದು ಹರಡಿಕೊಂಡಳಷ್ಟೆ; ಆ ಹಿನ್ನೀರನ್ನು ರೈಲು ಇಲ್ಲಿ ಸೇತುವೆಯ ಮೇಲೆ ದಾಟುತ್ತದೆ. ಮಳೆಗಾಲ ಕಳೆದು ಜಲಾಶಯ ತುಂಬಿರುವಾಗ ಎರಡು ಕಡೆಯ ಕಿಟಕಿಗಳಲ್ಲೂ ನೀರೇ ನೀರು. ಇಸ್ಪೀಟಾಡುವವರೂ ಎಲೆ ಕೆಳಗಿಟ್ಟು ತಲೆಯೆತ್ತುವ ಜಾಗವಿದು. ಮುಂದೆ ಡೋರ್ನಹಳ್ಳಿ; ಜೂನ್ 13ರ ಸಂತ ಅಂತೋಣಿಯವರ ಹಬ್ಬಕ್ಕೆ ಜಾತಿಮತವೆಣಿಸದೆ ಜನ ನೆರೆಯುತ್ತಾರೆ. ಆಮೇಲೆ ಕೃಷ್ಣರಾಜನಗರ. ಮೈಸೂರಿನಿಂದ ಸುಮಾರು 40 ಕಿ.ಮೀ.

ಊರಿದ್ದಲ್ಲಿಗೆ ರೈಲು ಬರುವುದು ಲೋಕರೂಢಿ. ಇಲ್ಲಿ ನಡೆದುದು ಅದಕ್ಕೆ ವಿಪರೀತ. ಮೈಸೂರು–ಅರಸೀಕೆರೆ ಮಾರ್ಗವನ್ನು ಮೈಸೂರು ಸಂಸ್ಥಾನವು ಮೊದಲನೆಯ ಮಹಾಯುದ್ಧದ ವರ್ಷಗಳಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ ಕೈಗೊಂಡಿತು. ಆಗ ಈ ಪ್ರಾಂತದ ಪಟ್ಟಣವೆಂದರೆ ಎಡತೊರೆ. ಹೆಸರಿನಲ್ಲೇ ತೊರೆಯನ್ನಿಟ್ಟುಕೊಂಡು ಕಾವೇರಿಯ ದಡದಲ್ಲಿ, ಅರ್ಕೇಶ್ವರನ ಸನ್ನಿಧಿಯಲ್ಲಿ ಬಾಳಿದ ಊರು ಅದು. ಆದರೆ ಹೊಳೆ ಮತ್ತೆ ಮತ್ತೆ ಮನೆಯೊಳಕ್ಕೆ ನುಗ್ಗುತ್ತಿದ್ದರೆ ಭಕ್ತಿಯೊಂದರಿಂದಲೇ ಸಂಸಾರ ನಡೆದೀತೆ? ಪ್ರವಾಹದ ಕಾಟದಿಂದ ಜನರನ್ನು ಪಾರುಮಾಡಲು 1925–30ರ ನಡುವೆ ದೊಡ್ಡಕೊಪ್ಪಲಿನ ಬಳಿ ಹೊಸ ಪಟ್ಟಣವನ್ನು ಕಟ್ಟಲಾಯಿತು. ಅಗಲವಾದ, ನೇರವಾದ ಬೀದಿಗಳು, ಅರಸರ ಹೆಸರು. ಹೀಗೆ ಹಳಿ ಮೊದಲು, ಊರು ಆಮೇಲೆ. ಅರ್ಕೇಶ್ವರನು ಮಾತ್ರ ಹೊಳೆಯ ದಂಡೆಯನ್ನು ಬಿಟ್ಟು ಕದಲಲಿಲ್ಲ. ಸಂಜೆಯ ಹೊತ್ತು ಅಲ್ಲಿಗೆ ಹೋಗಿ ಮೆಟ್ಟಿಲ ಮೇಲೆ ಕುಳಿತರೆ, ಇಷ್ಟು ಸಾಧುವಾಗಿ ಹರಿಯುವವಳು ಒಂದು ಊರನ್ನೇ ಎಬ್ಬಿಸಿ ಕಳುಹಿಸಿದಳೆಂದು ನಂಬುವುದು ಕಷ್ಟ.

ಹಳಿಯ ಮುಂದಿನ ಚರಿತ್ರೆಯನ್ನು ಬೇಗ ಹೇಳಿ ಮುಗಿಸಬಹುದು. 1951ರಲ್ಲಿ ಸಂಸ್ಥಾನದ ರೈಲ್ವೆ ದಕ್ಷಿಣ ರೈಲ್ವೆಯಲ್ಲಿ ಸೇರಿತು. 2003ರಿಂದ ಇದು ನೈಋತ್ಯ ರೈಲ್ವೆಯ ಮೈಸೂರು ವಿಭಾಗದಲ್ಲಿದೆ. 1992ರಲ್ಲಿ ದೇಶದಾದ್ಯಂತ ಒಂದೇ ಗೇಜಿನ ಯೋಜನೆ ಆರಂಭವಾದ ಬಳಿಕ ಇಲ್ಲಿಯ ಮೀಟರ್ ಗೇಜ್ ಹಳಿಯೂ ಬ್ರಾಡ್ ಗೇಜ್ ಆಯಿತು. ಇಲ್ಲಿ ಇಳಿದವರು ಚುಂಚನಕಟ್ಟೆಯ ಜಲಪಾತಕ್ಕೆ ಹೋಗಬಹುದು; ಸುಮಾರು 15 ಕಿ.ಮೀ. ಅಲ್ಲಿಯ ರಾಮನ ಗುಡಿಯಲ್ಲಿ ಸೀತಾದೇವಿ ಬಲಗಡೆ ನಿಂತಿದ್ದಾಳೆ. ಗರ್ಭಗುಡಿಯೊಳಗೆ ಜಲಪಾತದ ಭೋರ್ಗರೆತ ಕೇಳಿಸದೆಂಬುದು ಸ್ಥಳದ ಪ್ರತೀತಿ. ರಾಚಪ್ಪಾಜಿಯವರ ಕಪ್ಪಡಿಯೂ ರಾಮಾನುಜರ ನೆನಪಿನ ಸಾಲಿಗ್ರಾಮವೂ ಇದೇ ಸೀಮೆಯವೇ.

ಆದರೆ ನಿಲ್ದಾಣವನ್ನು ಬದುಕಿಸುವವರು ಯಾತ್ರಿಕರಲ್ಲ. ಬೆಳಗಿನ ಗಾಡಿಗೆ ಸೀಸನ್ ಟಿಕೆಟ್ಟಿನವರು ಓಡೋಡಿ ಬರುತ್ತಾರೆ: ಗುಮಾಸ್ತರು, ದಾದಿಯರು, ಗಾರೆ ಕೆಲಸದವರು, ಬುತ್ತಿಯ ಡಬ್ಬಿಯನ್ನು ಪುಸ್ತಕದ ಚೀಲದಲ್ಲೇ ತುರುಕಿಕೊಂಡ ಕಾಲೇಜಿನ ಹೆಣ್ಣುಮಕ್ಕಳು. ನಾನು ಪಾಠ ಹೇಳುವುದು ಹುಣಸೂರಿನಲ್ಲಿ. ನನ್ನ ತರಗತಿಗೆ ಪಿರಿಯಾಪಟ್ಟಣದ ಕಡೆಯಿಂದ ಬರುವ ಹುಡುಗಿಯರಿಗೆ ಬಸ್ಸೊಂದೇ ಗತಿ. ಅದು ತಪ್ಪಿದ ದಿನ ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಗೈರುಹಾಜರಿ ಗುರುತು ಹಾಕುವಾಗ ನನ್ನ ಕೈ ತಡೆಯುತ್ತದೆ. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ಈ ಮೂರು ತಾಲ್ಲೂಕುಗಳ ಪಟ್ಟಣಗಳಿಗೂ ರೈಲಿಲ್ಲ. ಕಾಡು ಆವರಿಸಿದ ಕೋಟೆಯ ಮಾತು ಬೇರೆ. ಉಳಿದೆರಡರ ಮೂಲಕ ಕುಶಾಲನಗರಕ್ಕೆ ಸುಮಾರು 87 ಕಿ.ಮೀ. ಹಳಿ ಹಾಕುವ ಪ್ರಸ್ತಾವ ಬಹುಕಾಲದಿಂದ ಉಂಟು. ಹೊಗೆಸೊಪ್ಪಿನ ಹೇರು ಈಗಲೂ ಲಾರಿಯಲ್ಲೇ ಹೋಗುತ್ತಿದೆ.

ಕಳೆದ ದೀಪಾವಳಿಯ ರಜೆಯಲ್ಲಿ ಈ ನಿಲ್ದಾಣದ ಬೆಂಚಿನ ಮೇಲೆ ಕುಳಿತಿದ್ದಾಗ ಪಕ್ಕದಲ್ಲಿ ವೃದ್ಧರೊಬ್ಬರು, ಆರೇಳು ವರ್ಷದ ಮೊಮ್ಮಗಳೊಡನೆ. ಗಂಟುಮೂಟೆಯಿಲ್ಲ. ಎಲ್ಲಿಗೆ ಪ್ರಯಾಣವೆಂದು ಕೇಳಿದೆ.

"ಎಲ್ಲಿಗೂ ಇಲ್ಲ ಸೋಮಿ. ಪಿರಿಯಾಪಟ್ಟಣದ ಕಡೆಯೋರು. ರೈಲು ಬತ್ತದೆ, ಬತ್ತದೆ ಅಂತ ನನ್ ಮದುವೆ ಕಾಲದಿಂದ ಕೇಳ್ತಾವ್ನಿ. ಈ ಮಗ ನನ್ನಂಗೆ ಬರೀ ಕೇಳಾದು ಬ್ಯಾಡ, ಕಣ್ಣಾರೆ ನೋಡ್ಬುಡ್ಲಿ ಅಂತ ಬಸ್ಸಲ್ಲಿ ಕರ್ಕಬಂದೆ."

"ಹಾಗಾದರೆ ಒಂದು ನಿಲ್ದಾಣದವರೆಗಾದರೂ ಹತ್ತಿಸಿಬಿಡಿ, ಅಜ್ಜ. ಡೋರ್ನಹಳ್ಳಿಯಲ್ಲಿ ಇಳಿದು ಬಸ್ಸಿನಲ್ಲಿ ಹಿಂದಿರುಗಬಹುದು" ಎಂದೆ.

ಅವರು ಮಗುವಿನ ಮುಖ ನೋಡಿದರು. ಮಗು ಟಿಕೆಟ್ ಕಿಟಕಿಯನ್ನು ನೋಡಿತು. ಹಾಸನದ ಕಡೆಯಿಂದ ಗಾಡಿಯ ಸದ್ದು ಕೇಳತೊಡಗಿತ್ತು. ವೃದ್ಧರು ಪಂಚೆಯನ್ನು ಎತ್ತಿಕಟ್ಟಿ ಕಿಟಕಿಯ ಕಡೆಗೆ ಓಡಿದರು. ಅವರು ಚೀಟಿ ಹಿಡಿದು ಹಿಂದಿರುಗುವಷ್ಟರಲ್ಲಿ ಆ ಹುಡುಗಿ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು ಬೋಗಿಗಳನ್ನು ಎಣಿಸುತ್ತಿದ್ದಳು, ಒಂಬತ್ತರವರೆಗೆ ಬಂದಿದ್ದಳು.